ಕೂದಲು ಎಣಿಸಿ ಡಾಕ್ಟರನ್ನು ಒಪ್ಪಿಸಿದೆ

ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆ ಶುರುವಾಗಿ ಮೂರನೇ ತಿಂಗಳು. ಮನಸ್ಸು ಹತೋಟಿಗೆ ಬಂತು ಅನ್ನುವಷ್ಟರಲ್ಲಿ ಬಚ್ಚಲಿನ ಜಾಲರಿ ಕಟ್ಟಿಕೊಳ್ಳತೊಡಗಿತು. ‘ಖಿನ್ನತೆಗೂ ಕೂದಲು ಉದುರುತ್ತೆ, ಮಾತ್ರೆ ಮೇಲೆ ಹಾಕಬೇಡಿ’ ಅಂದರು ಡಾಕ್ಟರು. ಮನೆಯವರ ಪ್ರಕಾರ ಎಲ್ಲಾ ನನ್ನ ಭ್ರಮೆ.

ಸಿಟ್ಟಿಗೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ನಾಲ್ಕೇ ದಿನ. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಡಾಕ್ಟರ ಹತ್ತಿರ ಬೈಸಿಕೊಂಡು ಮತ್ತೆ ಶುರುಮಾಡಿದೆ. ಆ ಹುಚ್ಚಾಟ ಯಾರೂ ಮಾಡಬೇಡಿ.

ದುಡ್ಡು ಹೋದದ್ದು ಬೇರೆ ಕಥೆ. ತಲೆಗೆ ಹಚ್ಚುವ ಸೀರಮ್ಮು, ಕೂದಲಿಗೆ ಅಂತ ಮಾರುವ ಬಯೋಟಿನ್ ವಿಟಮಿನ್ ಅಂತ ಹೆಚ್ಚುಕಮ್ಮಿ ಅರ್ಧ ತಿಂಗಳ ಸಂಬಳ. ಬಯೋಟಿನ್ ನುಂಗುತ್ತಲೇ ಥೈರಾಯ್ಡ್ ಟೆಸ್ಟ್ ಮಾಡಿಸಿದ್ದಕ್ಕೆ ರಿಪೋರ್ಟೇ ಎಡವಟ್ಟಾಗಿ ಬಂತು. ಬಯೋಟಿನ್ ಆ ಟೆಸ್ಟನ್ನು ಕೆಡಿಸಬಹುದು. ಬಿಟ್ಟು ಇನ್ನೊಮ್ಮೆ ಮಾಡಿಸಿದರೆ ನಾರ್ಮಲ್. ಎರಡೆರಡು ಸಲ ಬಿಲ್ಲು! ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ನೂ ಸರಿಯಿತ್ತು.

ಕೊನೆಗೆ ಎಣಿಸಲು ಕೂತೆ. ನಾಲ್ಕು ದಿನಕ್ಕೊಮ್ಮೆ ತಲೆಸ್ನಾನ, ದಿನವೂ ಬಿಳಿ ಬಟ್ಟೆಯ ಮೇಲೆ ಬಾಚುವುದು, ಜಾಲರಿಯದ್ದೂ ಸೇರಿಸಿ ಹತ್ತತ್ತರ ಕಟ್ಟು ಮಾಡಿ ಟೇಪಿನಿಂದ ಡೈರಿಗೆ ಅಂಟಿಸುವುದು. ದಿನಕ್ಕೆ 100ರ ತನಕ ಮಾಮೂಲಿ ಅಂತಾರಲ್ಲ, ನನ್ನದು ಸರಾಸರಿ 200 ದಾಟಿತ್ತು. ಹೆಚ್ಚಿನವುಗಳ ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು. ಅಂದರೆ ತುಂಡಾದದ್ದಲ್ಲ, ಬೇರುಸಮೇತ ಕಳಚಿದ್ದು. ನಡುವೆ ಶಾಂಪೂ ಬದಲಿಸಿ ನೋಡಿದೆ, ಲೆಕ್ಕ ಕದಲಲಿಲ್ಲ. ಕೂದಲು ಗಿಡ್ಡ ಮಾಡಿಸಿದಾಗ ಕಮ್ಮಿಯಾಯಿತು ಅಂತ ಕುಣಿದೆ. ಎಣಿಸಿದರೆ ಅಷ್ಟಕ್ಕಷ್ಟೇ, ಉಂಡೆ ಮಾತ್ರ ಚಿಕ್ಕದು.

ಡೈರಿಯಲ್ಲಿ ಮಾತ್ರೆ ಶುರುವಾದ ತಾರೀಖನ್ನೂ ಬರೆದಿದ್ದೆ. ಉದುರಲು ಶುರುವಾದದ್ದಕ್ಕೂ ಅದಕ್ಕೂ ಹತ್ತು ವಾರದ ಅಂತರ. ಡಾಕ್ಟರು ನಾಲ್ಕು ಪುಟ ತಿರುವಿ ಸುಮ್ಮನಾದರು. ಆಮೇಲೆ ‘ಬದಲಿಸಿ ನೋಡೋಣ’ ಅಂದರು. ಆ ಒಂದು ಮಾತಿಗೆ ನಾನೆಷ್ಟು ಬೀಗಿದೆ ಅಂತ ಕೇಳಬೇಡಿ.

ಸುಮಾರು ಐದು ವಾರ, ಅವರು ಹೇಳಿದ ಹಾಗೆ ಇದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಿದೆವು. ಯಾವ ಮಾತ್ರೆ ಅಂತ ಹೇಳಲ್ಲ. ನನಗೆ ಒಗ್ಗಿದ್ದು ನಿಮಗೆ ತಿರುಗಿಬೀಳಬಹುದು. ಬೋಳು ಕಾಣದಂತೆ ಬಾಚುತ್ತಿದ್ದ ಉಪಾಯವೂ ನನ್ನಲ್ಲೇ ಇರಲಿ.

ಬದಲಿಸಿದ ಮೇಲೂ ಎರಡು ತಿಂಗಳು ಉದುರಿತು. ‘ನೋಡಿದೆಯಾ?’ ಅಂತ ಮನೆಯಲ್ಲಿ ಹಂಗಿಸಿದರು. ಮೂರನೇ ತಿಂಗಳಿಗೆ ಲೆಕ್ಕ 70ರ ಆಸುಪಾಸು. ಮೊನ್ನೆ ಬೈತಲೆ ಪಕ್ಕ ಸ್ಕೇಲ್ ಹಿಡಿದೆ: ಹೆಚ್ಚುಕಮ್ಮಿ 3 ಸೆಂ.ಮೀ. ಮರಿಗೂದಲು, ಎಷ್ಟು ಬಾಚಿದರೂ ನೆಟ್ಟಗೆ ನಿಲ್ಲುತ್ತಿವೆ.