ಏರ್‌ಪೋರ್ಟ್ ಪಕ್ಕದ ಕೆರೆ ನೀರು: ಮಳೆ ಬಂದಾಗ ಏನು ನೋಡಬೇಕು, ಹೇಗೆ ಹಿಡಿಯಬೇಕು

ದೇವನಹಳ್ಳಿ, ಬೆಟ್ಟಕೋಟೆ, ಬಾಗಲೂರು, ಚಿಕ್ಕಜಾಲದ ಕಡೆ ಇರುವವರಿಗೆ, ಕೆರೆ ಮೇಲೆ ಕಣ್ಣಿಟ್ಟಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು. ಕೆಂಪೇಗೌಡ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ ಬಂತು, 2022ರ ನವೆಂಬರಿನಲ್ಲಿ ಎರಡನೇ ಟರ್ಮಿನಲ್ (ಟಿ2) ಉದ್ಘಾಟನೆ ಆಯಿತು. ಒಟ್ಟು ಸುಮಾರು 4,000 ಎಕರೆ. ಮೊದಲು ಹೊಲದಲ್ಲಿ ಇಂಗಿ, ಮಿಕ್ಕಿದ್ದು ನಿಧಾನಕ್ಕೆ ಕೆರೆಗೆ ಇಳಿಯುತ್ತಿದ್ದ ನೀರು ಈಗ ಕಾಂಕ್ರೀಟು, ಟಾರಿನ ಮೇಲೆ ಬಿದ್ದು ಒಂದೇ ಸಲಕ್ಕೆ ಹರಿಯುತ್ತದೆ. 2021ರ ಅಕ್ಟೋಬರ್ 11ರ ರಾತ್ರಿ ಟರ್ಮಿನಲ್ ಮುಂದೆ ನೀರು ನಿಂತು, ಪ್ರಯಾಣಿಕರು ಟ್ರ್ಯಾಕ್ಟರ್ ಹತ್ತಿಕೊಂಡು ಹೋದ ವಿಡಿಯೋ ನೋಡಿರುತ್ತೀರಿ. ಹಾಗೆ ಹರಿಯುವ ನೀರು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಯಾರೋ ಒಬ್ಬರು ಜನವರಿಯಲ್ಲಿ ಕೆರೆ ದಡದಿಂದ ಒಂದು ಬಾಟಲಿ ನೀರು ತುಂಬಿಕೊಂಡು ಲ್ಯಾಬಿಗೆ ಕೊಡುತ್ತಾರೆ. ರಿಪೋರ್ಟ್ ಬರುತ್ತದೆ, ವಾಟ್ಸಾಪಿನಲ್ಲಿ ಓಡಾಡುತ್ತದೆ, ಅಲ್ಲಿಗೆ ಮುಗಿಯಿತು. ಆ ಒಂದು ಬಾಟಲಿಯಿಂದ ಯಾರೂ ಏನೂ ಹೇಳಲಿಕ್ಕೆ ಆಗುವುದಿಲ್ಲ. ಬೇಕಾಗಿರುವುದು ಜೋಡಿ ಬಾಟಲಿ: ಏರ್‌ಪೋರ್ಟ್ ಕಡೆಯ ನೀರು ಕಾಲುವೆಗೆ ಸೇರುವ ಮುಂಚಿನದು ಒಂದು, ಸೇರಿದ ನಂತರದ್ದು ಒಂದು, ಅದೂ ಒಂದೇ ಮಳೆಯಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ.

ಆದ್ದರಿಂದ ಮೊದಲು ನೀರಿನ ದಾರಿ ಗೊತ್ತಿರಬೇಕು. ಬೇಸಿಗೆಯಲ್ಲೇ ಈ ಕೆಲಸ ಮಾಡಿಕೊಳ್ಳಿ. ದಿಶಾಂಕ್ ಆ್ಯಪಿನಲ್ಲಿ ಗ್ರಾಮನಕ್ಷೆ ಸಿಗುತ್ತದೆ, ಹಳ್ಳ, ರಾಜಕಾಲುವೆ ಯಾವ ಸರ್ವೆ ನಂಬರಿನಲ್ಲಿ ಹಾದು ಹೋಗಿದೆ ಅಂತ ಅದರಲ್ಲಿ ನೋಡಬಹುದು. ಆದರೆ ನಕ್ಷೆಯಲ್ಲಿರುವ ಕಾಲುವೆ ನೆಲದ ಮೇಲೆ ಇರಲೇಬೇಕು ಅಂತೇನಿಲ್ಲ, ಅಲ್ವಾ? ನಡೆದು ನೋಡಿ. ಊರಿನಲ್ಲಿ ಹಳೆಯ ನೀರುಗಂಟಿ (ಕೆರೆ ನೀರು ಬಿಡುವ ಕೆಲಸದವರು) ಮನೆಯವರು ಇದ್ದರೆ ಕೇಳಿ, ಯಾವ ಮೋರಿಯಲ್ಲಿ ಎಲ್ಲಿಯ ನೀರು ಬರುತ್ತದೆ, ಯಾವ ಕೆರೆ ಕೋಡಿ ಬಿದ್ದರೆ ಯಾವುದಕ್ಕೆ ಹೋಗುತ್ತದೆ ಅನ್ನುವುದು ಅವರಿಗೆ ಯಾವ ಉಪಗ್ರಹಕ್ಕಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಎರಡು ಮೂರು ಮೋರಿ ಆರಿಸಿಕೊಂಡು ಅಲ್ಲಿಗೇ ಅಂಟಿಕೊಳ್ಳಿ. ಸಲಕ್ಕೊಂದು ಜಾಗ ಬದಲಾಯಿಸಿದರೆ ಹೋಲಿಸಲಿಕ್ಕೆ ಏನೂ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪ್ ಮಾಡುತ್ತಾರೆ. ನಿಮ್ಮ ಕೆರೆಗೂ ಆ ನೀರು ಬರುತ್ತಿದೆಯಾ ಅಂತ ಮೊದಲೇ ವಿಚಾರಿಸಿ. ಬರುತ್ತಿದ್ದರೆ ಅಮೋನಿಯ, ಫಾಸ್ಫೇಟ್ ಜಾಸ್ತಿ ಕಂಡ ಕೂಡಲೇ ಏರ್‌ಪೋರ್ಟ್ ಮೇಲೆ ಹಾಕಬೇಡಿ. ಸುತ್ತಮುತ್ತ ಲೇಔಟು, ವರ್ತುಲ ರಸ್ತೆ, ಮೆಟ್ರೋ ಕೆಲಸ ಕೂಡ ಇದೆ, ಎಲ್ಲದರ ಮಣ್ಣೂ ಅದೇ ಕಾಲುವೆಗೇ ಬರುತ್ತದೆ. ತಪ್ಪು ಕಡೆ ಬೊಟ್ಟು ಮಾಡಿದರೆ ಒಂದೇ ಸಲಕ್ಕೆ ನಿಮ್ಮ ಇಡೀ ದಾಖಲೆ ತಳ್ಳಿಹಾಕುತ್ತಾರೆ.

ಯಾವ ಮಳೆ? ಒಂದು ವಾರವಾದರೂ ಒಣ ಹವೆ ಇದ್ದು ಆಮೇಲೆ ಬಂದ ಜೋರು ಮಳೆ. ಏಪ್ರಿಲ್ ಕೊನೆ, ಮೇ ತಿಂಗಳಿನ ಅಶ್ವಿನಿ, ಭರಣಿ ಮಳೆ ಇದಕ್ಕೆ ಹೇಳಿ ಮಾಡಿಸಿದ್ದು. ಬೇಸಿಗೆ ಪೂರ್ತಿ ಟಾರಿನ ಮೇಲೆ ಕೂತಿದ್ದ ಎಣ್ಣೆ, ಟೈರಿನ ರಬ್ಬರ್ ಪುಡಿ, ಅದರ ಜೊತೆಗಿನ ಸತು, ಬ್ರೇಕಿನಿಂದ ಉದುರಿದ ತಾಮ್ರ, ಕಟ್ಟಡ ಕೆಲಸದ ಧೂಳು, ಎಲ್ಲ ಮೊದಲ ನೀರಿನಲ್ಲೇ ಕೊಚ್ಚಿಕೊಂಡು ಬರುತ್ತದೆ. ಎರಡು ಗಂಟೆ ಬಿಟ್ಟು ಹೋದರೆ ಅದೇ ಮೋರಿಯಲ್ಲಿ ಸುಮಾರು ತಿಳಿ ನೀರು ಹರಿಯುತ್ತಿರುತ್ತದೆ. ಮಳೆ ಶುರುವಾದ ಹೊತ್ತು ಅಲ್ಲ, ಮೋರಿಯಲ್ಲಿ ನೀರು ಏರಲು ಶುರುವಾದ ಹೊತ್ತಿನಿಂದ ಲೆಕ್ಕ ಹಾಕಿ: ಆಗಲೇ ಒಂದು ಬಾಟಲಿ, ಅರ್ಧ ಗಂಟೆಗೆ ಇನ್ನೊಂದು, ಎರಡು ಗಂಟೆ ಕಳೆದ ಮೇಲೆ ಮತ್ತೊಂದು. ಒಣ ದಿನದಲ್ಲೂ ನೀರು ಹರಿಯುತ್ತಿದ್ದರೆ ಅದನ್ನೂ ಹಿಡಿದಿಡಿ. ಮಳೆ ಇಲ್ಲದೆ ಮಳೆನೀರು ಕಾಲುವೆಯಲ್ಲಿ ನೀರು ಬರುತ್ತಿದೆ ಅನ್ನುವುದೇ ಒಂದು ಸುದ್ದಿ.

ಕಾಲುವೆಗೆ ಇಳಿಯಬೇಡಿ. ಮೋರಿ ಮೇಲೆ ನಿಂತು ಹಗ್ಗಕ್ಕೆ ಕಟ್ಟಿದ ಬಕೆಟ್ ಇಳಿಬಿಡಿ. ಸಿಡಿಲು ಇದ್ದರೆ, ಕತ್ತಲಾದರೆ ಮನೆಯಲ್ಲೇ ಇರಿ, ಇನ್ನೊಂದು ಮಳೆ ಬರುತ್ತದೆ. ಏರ್‌ಪೋರ್ಟ್ ಬೇಲಿ ಹತ್ತಿರ ಹೋಗಿ ಫೋಟೋ ತೆಗೆಯುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ಸಾರ್ವಜನಿಕ ರಸ್ತೆಯ ಮೋರಿಯಲ್ಲೇ ಬೇಕಾದಷ್ಟು ಗೊತ್ತಾಗುತ್ತದೆ.

ಜಾಗದಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಕಡ್ಡಿ ಪರೀಕ್ಷೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡ ತಕ್ಷಣ ಎಲ್ಲರೂ ಪೆಟ್ರೋಲು ಅಂತಾರೆ. ಒಂದು ಕಡ್ಡಿ ತಗೊಂಡು ಅದನ್ನು ಕಲಕಿ. ಪೊರೆ ಒಣಗಿದ ಬಣ್ಣದ ಹಾಗೆ ಚೂರುಚೂರಾಗಿ ಒಡೆದು, ಚೂರುಗಳು ಹಾಗೇ ಬೇರೆಬೇರೆ ನಿಂತರೆ ಅದು ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ನಿಂತ ನೀರಿನಲ್ಲಿ ಸಹಜವಾಗಿ ಬರುತ್ತದೆ. ಕಡ್ಡಿ ಹೋದ ಹಿಂದೆಯೇ ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ಎಣ್ಣೆ. ವಿಮಾನದ ಇಂಧನ ಮೂಲದಲ್ಲಿ ಸೀಮೆಎಣ್ಣೆ ಜಾತಿಯದು, ಹಾಗಾಗಿ ವಾಸನೆಯೂ ಹೇಳುತ್ತದೆ. ಆದರೆ ಬಗ್ಗಿ ಜೋರಾಗಿ ಮೂಸಲಿಕ್ಕೆ ಹೋಗಬೇಡಿ.

ಮಣ್ಣಿಗೆ ಒಂದು ಲೀಟರಿನ ಅಳತೆ ಜಾಡಿ ಸಾಕು. ನೀರು ತುಂಬಿ ಒಂದು ಗಂಟೆ ಅಲುಗಾಡಿಸದೆ ಇಡಿ, ತಳದಲ್ಲಿ ಎಷ್ಟು ಮಿಲಿ ಹೂಳು ಕೂತಿದೆ ಬರೆದುಕೊಳ್ಳಿ. ನಮ್ಮ ಕಡೆ ಕೆಮ್ಮಣ್ಣು, ಮೊದಲ ಮಳೆಗೆ ಎಲ್ಲ ಕಾಲುವೆಯೂ ಕೆಂಪಗೇ ಇರುತ್ತದೆ, ಆದ್ದರಿಂದ ಬಣ್ಣ ನೋಡಿ ಗಾಬರಿಯಾಗುವುದು ಸುಮ್ನೆ. ಮೇಲಿನ (ಏರ್‌ಪೋರ್ಟ್ ನೀರು ಸೇರುವ ಮುಂಚಿನ) ಜಾಡಿಯಲ್ಲಿ 2 ಮಿಲಿ, ಕೆಳಗಿನದರಲ್ಲಿ (ಸೇರಿದ ನಂತರದ್ದರಲ್ಲಿ) 15 ಮಿಲಿ ಕೂತರೆ ಆಗ ಮಾತಾಡಬಹುದು. ಕಟ್ಟಡ ಕೆಲಸ ನಡೆಯುತ್ತಿರುವ ಜಾಗದಲ್ಲಿ ದೊಡ್ಡ ಕಾಟ ಇದೇ, ಇಂಧನ ಅಲ್ಲ. ಹೂಳು ಹೋಗಿ ಕೆರೆ ತುಂಬಿಸುತ್ತದೆ, ತೂಬು ಮುಚ್ಚುತ್ತದೆ. ಜೊತೆಗೆ ನೀರಿನ ಹುಳಿ–ಕ್ಷಾರ ತೋರಿಸುವ ಪಿಎಚ್ ಪಟ್ಟಿ ಇಟ್ಟುಕೊಳ್ಳಿ: ಕಾಂಕ್ರೀಟ್ ಲಾರಿ ತೊಳೆದ ನೀರಿನ ಪಿಎಚ್ 12ರ ಹತ್ತಿರ ಹೋಗುತ್ತದೆ, ಅದು ಕಾಲುವೆಗೆ ಬಿದ್ದರೆ ಪಟ್ಟಿ ತಕ್ಷಣ ಕಡು ನೀಲಿಯಾಗುತ್ತದೆ.

ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಎಲ್ಲರ ಜೇಬಿನಲ್ಲೂ ಇದೆ, ಎಲ್ಲರೂ ಅದನ್ನೇ ನಂಬುತ್ತಾರೆ. ಅದು ತೋರಿಸುವುದು ಕರಗಿದ ಉಪ್ಪನ್ನು ಮಾತ್ರ. ಎಣ್ಣೆ, ಹೂಳು ಅದರ ಕಣ್ಣಿಗೇ ಬೀಳುವುದಿಲ್ಲ. ಮಳೆ ನೀರಿನಲ್ಲಿ ಉಪ್ಪು ಕಡಿಮೆ, ಹಾಗಾಗಿ ಅತಿ ಕೊಳಕು ಮೊದಲ ನೀರಿಗೂ ಬೋರ್‌ವೆಲ್‌ಗಿಂತ ಚೆನ್ನಾದ ನಂಬರ್ ತೋರಿಸಬಹುದು!

ಲ್ಯಾಬಿಗೆ ಕೊಡುವುದಾದರೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರುವುದನ್ನೇ ಹುಡುಕಿ, ಆ ಮಾನ್ಯತೆ ನಿಮಗೆ ಬೇಕಾದ ಪರೀಕ್ಷೆಗೂ ಇದೆಯಾ ಕೇಳಿ. ನೀರಿನಲ್ಲಿ ಕರಗದೆ ತೇಲಾಡುವ ಘನವಸ್ತು (ಟಿಎಸ್‌ಎಸ್), ಎಣ್ಣೆ–ಗ್ರೀಸ್, ಸಿಒಡಿ (ನೀರಿನ ಕೊಳೆಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ), ಅಮೋನಿಯ, ಸತು, ತಾಮ್ರ, ಇಷ್ಟಿದ್ದರೆ ಶುರುವಿಗೆ ಸಾಕು. ಎಣ್ಣೆಗೆ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು, ಬಕೆಟ್ಟಿನಿಂದ ಬಗ್ಗಿಸದೆ, ಬಾಟಲಿಯನ್ನೇ ಮೋರಿ ಮೇಲಿನಿಂದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೇರವಾಗಿ ಅದರಲ್ಲೇ ಹಿಡಿಯಬೇಕು, ಮೊದಲು ಅದೇ ನೀರಿನಲ್ಲಿ ಜಾಲಿಸಬಾರದು, ಯಾಕಂದರೆ ಎಣ್ಣೆ ಗೋಡೆಗೆ ಅಂಟಿಕೊಳ್ಳುತ್ತದೆ. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ. ಯಾವುದಕ್ಕೆ ಯಾವ ಆಸಿಡ್ ಹಾಕಬೇಕೋ ಲ್ಯಾಬಿನವರೇ ಹಾಕಿ ಕೊಡಲಿ. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಬಾಟಲಿ ಮೇಲೆ ಜಾಗ, ತಾರೀಕು, ಗಂಟೆ, ಮಳೆ ಶುರುವಾದ ಹೊತ್ತು ಬರೆಯಿರಿ. ಹೊರಗೆ ಬಿಡುವ ನೀರಿಗೆ ದೇಶದ ಸಾಮಾನ್ಯ ಮಿತಿ ಹೀಗಿದೆ: ತೇಲಾಡುವ ಘನವಸ್ತು ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ–ಗ್ರೀಸ್ 10, ಸಿಒಡಿ 250, ಪಿಎಚ್ 5.5ರಿಂದ 9.

ಹೊರದೇಶದ ಕೈಪಿಡಿಗಳನ್ನು ತೆಗೆದರೆ ಅರ್ಧ ಭಾಗ ಗ್ಲೈಕಾಲ್ ಬಗ್ಗೆಯೇ ಇರುತ್ತದೆ, ರೆಕ್ಕೆ ಮೇಲಿನ ಹಿಮ ಕರಗಿಸುವ ದ್ರಾವಣ ಅದು. ದೇವನಹಳ್ಳಿಗೆ ಬೇಕಿಲ್ಲ, ಬಿಟ್ಟುಬಿಡಿ. ಬೆಂಕಿ ಆರಿಸುವ ನೊರೆಯ ವಿಷಯ ಬಿಡುವ ಹಾಗಿಲ್ಲ. ಹಳೆಯ ನೊರೆಗಳಲ್ಲಿ ಪಿಎಫ್‌ಎಎಸ್ ಅನ್ನುವ, ಮಣ್ಣಿನಲ್ಲಿ ಕೊಳೆಯದ ರಾಸಾಯನಿಕಗಳಿವೆ. ಸ್ವೀಡನ್ನಿನ ರೊನೆಬಿಯಲ್ಲಿ ವಾಯುಪಡೆ ನೆಲೆಯ ನೊರೆಯಿಂದ ಜನ ಕುಡಿಯುವ ನೀರೇ ಕೆಟ್ಟಿದೆ ಅಂತ ಗೊತ್ತಾಗಿದ್ದು 2013ರಲ್ಲಿ. ಅಮೆರಿಕ 2024ರಲ್ಲಿ ಇಂಥ ಎರಡು ರಾಸಾಯನಿಕಗಳಿಗೆ ಕುಡಿಯುವ ನೀರಿನಲ್ಲಿ ಇಟ್ಟ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಪರೀಕ್ಷೆ ದುಬಾರಿ, ಹಾಗಾಗಿ ಎಲ್ಲ ಮಳೆಗೂ ಮಾಡಿಸಬೇಡಿ. ಇಳಿಜಾರಿನ ಕೆಳಗಿರುವ ಒಂದು ಕುಡಿಯುವ ನೀರಿನ ಬೋರ್‌ವೆಲ್‌ಗೆ ಒಮ್ಮೆ ಮಾಡಿಸಿದರೆ ಸಾಕು.

ಈಗ ಕಾನೂನಿನ ಮಾತು. ನೀವು ಹಿಡಿದ ಬಾಟಲಿ ಕೋರ್ಟಿನಲ್ಲಿ ಸುಲಭಕ್ಕೆ ನಿಲ್ಲುವುದಿಲ್ಲ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ನೋಟಿಸ್ ಕೊಟ್ಟು, ಮಾದರಿ ತೆಗೆದು, ಎರಡು ಭಾಗ ಮಾಡಿ ಸೀಲ್ ಹಾಕಬೇಕು. ನಿಮ್ಮ ದಾಖಲೆ ಇರುವುದು ಆ ಅಧಿಕಾರಿಯನ್ನು ಸರಿಯಾದ ಮೋರಿಗೆ, ಸರಿಯಾದ ಹೊತ್ತಿಗೆ ಕರೆಸಲಿಕ್ಕೆ. ಆದ್ದರಿಂದ ದೂರಿನಲ್ಲಿ ‘ಕೆರೆ ವಿಷವಾಗಿದೆ’ ಅಂತ ಬರೆಯಬೇಡಿ. ಇಂಥ ಮೋರಿ, ಇಂಥ ದಿನ, ಮಳೆ ಇಷ್ಟು, ಮೇಲೆ ಇಷ್ಟು, ಕೆಳಗೆ ಇಷ್ಟು, ಫೋಟೋ ಇಲ್ಲಿದೆ ಅಂತ ಬರೆಯಿರಿ.

ಏರ್‌ಪೋರ್ಟ್ ವಿಸ್ತರಣೆಗೆ ಪರಿಸರ ಅನುಮತಿ ಕೊಡುವಾಗ ಷರತ್ತು ಹಾಕಿರುತ್ತಾರೆ, ಅವನ್ನು ಪಾಲಿಸಿದ್ದರ ವರದಿಯನ್ನು ಏರ್‌ಪೋರ್ಟಿನವರು ಆರು ತಿಂಗಳಿಗೊಮ್ಮೆ ಕೊಡಬೇಕು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ, ಸಿಗದಿದ್ದರೆ ಆರ್‌ಟಿಐ ಹಾಕಿ. ವರದಿ ಕೈಗೆ ಬಂದ ಮೇಲೆ ಫಲಿತಾಂಶದ ಕಾಲಂ ಆಮೇಲೆ ನೋಡಿ, ಮೊದಲು ಮಾದರಿ ತೆಗೆದ ತಾರೀಕು ನೋಡಿ. ಆ ದಿನ ನಿಮ್ಮ ಹೋಬಳಿಯಲ್ಲಿ ಎಷ್ಟು ಮಳೆ ಆಗಿತ್ತು ಅಂತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ತೆಗೆದು ಪಕ್ಕಕ್ಕಿಡಿ. ಸೊನ್ನೆ ಇದ್ದರೆ, ಮುಂದಿನ ಸಲದ ಮಾದರಿಯನ್ನು ಮಳೆ ಬಿದ್ದ ಮೊದಲ ಗಂಟೆಯಲ್ಲೇ ತೆಗೆಯಬೇಕು ಅಂತ ಮಂಡಳಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪತ್ರ ಇಟ್ಟುಕೊಳ್ಳಿ.