ಕಾಣಿಕೆ ಅಲ್ಲೇ ಬಿಟ್ಟು ಹೋದ ಭಾನುವಾರ

ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ. ಚರ್ಚಿನ) ಆರಾಧನೆಯಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ದಿನ, ಕಾಣಿಕೆಗೆ ಮುಂಚೆ ಸಮಾಧಾನ ಕೊಡುವ ಪದ್ಧತಿ ಇದೆ. ಅಯ್ಯನವರಿಂದ, ಅಂದರೆ ಪಾದ್ರಿಗಳಿಂದ, ಹೊರಟ ಸಮಾಧಾನ ಕೈಯಿಂದ ಕೈಗೆ ಸಾಗಿ ಕಡೇ ಬೆಂಚು ಮುಟ್ಟುತ್ತದೆ. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಎದುರಿನವರ ಬಲಗೈ ಮೇಲೆ ಎಡಗೈ ಮುಚ್ಚಬೇಕು. ಆಗ ಹೇಳುವುದು ಬೈಬಲಿನ 133ನೆಯ ಕೀರ್ತನೆಯ ಮಾತು, ಸಹೋದರರು ಒಂದಾಗಿರುವುದು ಎಷ್ಟೋ ಒಳ್ಳೆಯದು ಅಂತ. ಆರು ವರ್ಷ ನಾನು ಅದನ್ನು ನೆಲ ನೋಡುತ್ತ ಹೇಳಿದೆ. ನಮ್ಮಣ್ಣ ಎರಡು ಬೆಂಚು ಮುಂದೆ ಕೂತಿರುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಬಾವಿ ಇರುವ ಕಡೆಯ ಒಂದೂವರೆ ಎಕರೆ ಅಣ್ಣನ ಹೆಸರಿಗೆ ಹೋಯಿತು. ಉತಾರ (ಹೊಲದ ಪಹಣಿ) ತೆಗೆಸಿದಾಗಲೇ ನನಗೆ ಗೊತ್ತಾದದ್ದು. ಮಾತು ನಿಂತಿತು.

ಒಂದು ಶುಭ ಶುಕ್ರವಾರ ಮನಸ್ಸು ಕರಗಿ ಫೋನ್ ಮಾಡಿದೆ. "ಅಣ್ಣಾ, ಆಗಿದ್ದು ಆತು. ನಾ ನಿನ್ನ ಕ್ಷಮಿಸೇನಿ."

"ನಿನ್ನ ಕ್ಷಮಾ ಯಾರು ಕೇಳ್ಯಾರಲೇ?" ಅಂದು ಇಟ್ಟುಬಿಟ್ಟ.

ನನಗೆ ಸಿಟ್ಟು ಬಂತು. ದೇವರ ವಾಕ್ಯದಂತೆ ನಡೆದೆನಲ್ಲ! ಅಯ್ಯನವರ ಹತ್ತಿರ ಹೇಳಿಕೊಂಡೆ. ಅವರು ಮತ್ತಾಯನ ಸುವಾರ್ತೆ 5ನೆಯ ಅಧ್ಯಾಯದ 23, 24ನೆಯ ವಚನ ನನ್ನಿಂದಲೇ ಓದಿಸಿ ಕೇಳಿದರು, "ಯಾರ ಮನಸ್ಸಿನಾಗ, ಯಾರ ಮ್ಯಾಲೆ ಅಂತ ಐತಿ ನೋಡ್ರಿ." ಕಾಣಿಕೆ ತಂದವನ ಮನಸ್ಸಿನಲ್ಲಿ ಅಲ್ಲ, ಅವನ ಸಹೋದರನ ಮನಸ್ಸಿನಲ್ಲಿ ಅವನ ಮೇಲೆ ಏನಾದರೂ ಇದ್ದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಅಂತ ಇದೆ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ವಚನವನ್ನು ನಾನು ತಿರುವಿ ಓದಿಕೊಂಡಿದ್ದೆ.

ಆ ರಾತ್ರಿ, ಅಣ್ಣನಿಗೆ ನನ್ನ ಮೇಲೆ ಏನಿದೆ ಅಂತ ಬರೆಯಲು ಕೂತೆ. ಅಪ್ಪನಿಗೆ ಲಕ್ವ ಹೊಡೆದು ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಮಗ್ಗಲು ಹೊರಳಿಸಿ, ಒರೆಸಿ, ಕಾಲಿಗೆ ಎಣ್ಣೆ ತಿಕ್ಕಿದವನು ಅಣ್ಣ. ನಾನು ಹುಬ್ಬಳ್ಳಿಯಿಂದ ತಿಂಗಳಿಗೆ ಎರಡು ಸಲ ಬಂದು, ಹಾಸಿಗೆ ವಾಸನೆ ಬರುತ್ತದೆ ಅಂತ ತಪ್ಪು ಹಿಡಿದು ಹೋಗುತ್ತಿದ್ದೆ. ಮಣ್ಣು ಮಾಡಿದ ದಿನ ಬೀಗರ ಮುಂದೆ ಒಂದು ಮಾತು ಅಂದಿದ್ದೆ: "ಆಸ್ತಿ ಸಲುವಾಗಿ ಸೇವಾ ಮಾಡ್ಯಾನ." ಅದನ್ನು ಬರೆಯುವಾಗ ಪೆನ್ನು ನಿಂತುಹೋಯಿತು.

ಪಾಪ ಒಪ್ಪಿಕೊಂಡು ಕ್ಷಮೆ ಬೇಡುವ 51ನೆಯ ಕೀರ್ತನೆ ತೆರೆದು ಮೊಣಕಾಲೂರಿದೆ. ಪಾಪಿ, ಪಾಪಿ ಅಂತ ಸಾರಾಸಗಟಾಗಿ ಹೇಳುವುದು ಸುಲಭ. ಆ ಒಂದು ಮಾತನ್ನೇ ಗಟ್ಟಿಯಾಗಿ ದೇವರ ಮುಂದೆ ಹೇಳುವುದು ಬಹಳ ಕಷ್ಟವಾಯಿತು. ಹೇಳಿ ಅತ್ತುಬಿಟ್ಟೆ. ಕ್ಷಮೆ ಸಿಕ್ಕಿತೆಂದು ನಂಬಿದೆ, ಈಗಲೂ ನಂಬುತ್ತೇನೆ.

ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಲಗಾರನ ಸಾಮ್ಯ ಆಮೇಲೆ ಬೇರೆಯಾಗಿಯೇ ಕಂಡಿತು. ಒಡೆಯನಿಂದ ದೊಡ್ಡ ಸಾಲ ಮಾಫಿಯಾದ ಸೇವಕನೊಬ್ಬ, ತನಗೆ ಸಣ್ಣ ಸಾಲ ಕೊಡಬೇಕಾದ ಜೊತೆಸೇವಕನನ್ನು ಬಿಡಲಿಲ್ಲ ಅನ್ನುವ ಕಥೆ ಅದು. ತಲಾಂತು, ದಿನಾರಿ ಆ ಕಾಲದ ಹಣದ ಲೆಕ್ಕ: ಒಂದು ತಲಾಂತು ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಆ ಸೇವಕನಿಗೆ ಒಡೆಯ ಬಿಟ್ಟುಕೊಟ್ಟ 10,000 ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ಅವನು ಜೊತೆಸೇವಕನ ಕುತ್ತಿಗೆ ಹಿಡಿದು ಕೇಳಿದ್ದು ನೂರು ದಿನದ್ದು. ಆದರೆ ನೂರು ದಿನದ ಕೂಲಿ ಸಣ್ಣದಲ್ಲ. ಅದು ಸಾಲವೇ ಅಲ್ಲ ಅಂತ ಯೇಸು ಎಲ್ಲೂ ಹೇಳಲಿಲ್ಲ. ಒಂದೂವರೆ ಎಕರೆಯೂ ಸಣ್ಣದಲ್ಲ. ನನಗೆ ಬಿಟ್ಟುಕೊಟ್ಟದ್ದರ ಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ ನನ್ನ ಹಿಡಿತ ಸಡಿಲಾಯಿತು.

ಮುಂದಿನ ಭೋಜನದ ಭಾನುವಾರ ಕಾಣಿಕೆಯ ಲಕೋಟೆ ಬೆಂಚಿನ ಮೇಲೇ ಇಟ್ಟು, ಭೋಜನ ತೆಗೆದುಕೊಳ್ಳದೆ ಎದ್ದು ಹೋದೆ. ಸಂಜೆ ಅಣ್ಣನ ಮನೆ ಬಾಗಿಲಲ್ಲಿ ನಿಂತೆ. ಹೊಲದ ಮಾತು ಎತ್ತಲಿಲ್ಲ, ಕ್ಷಮಿಸಿದ್ದೇನೆ ಅಂತಲೂ ಅನ್ನಲಿಲ್ಲ. "ಅಪ್ಪನ್ನ ನೀ ನೋಡಿಕೊಂಡಿ. ನಾ ಹಂಗ ಅನಬಾರದಿತ್ತು. ನನ್ನ ಕ್ಷಮಿಸು ಅಣ್ಣಾ."

ಅವನು ಮಾತಾಡಲಿಲ್ಲ. ವೈನಿ ಚಹಾ ತಂದಿಟ್ಟರು, ಅದು ಆರಿತು. ಕೊನೆಗೆ, "ಅವತ್ತಿಂದ ನಂಗ ಸರಿ ನಿದ್ದಿ ಇಲ್ಲೋ" ಅಂದ.

ಹೊಲದ ಮಾತು ಎರಡು ತಿಂಗಳ ನಂತರ, ಬೇರೆಯೇ ದಿನ ಆಡಿದೆವು. ಉತಾರ ಇನ್ನೂ ಅವನ ಹೆಸರಲ್ಲೇ ಇದೆ. ಬಾವಿ ನೀರು ದಿನ ಬಿಟ್ಟು ದಿನ ನನ್ನ ಹೊಲಕ್ಕೆ ಬರುತ್ತದೆ. ಪಂಪಿನ ಸದ್ದು ಕೇಳಿದಾಗ ಕೆಲವೊಮ್ಮೆ ಹಳೇ ಸಿಟ್ಟು ಏಳುತ್ತದೆ. ಬದುವಿನ ಮೇಲೆ ನಿಂತು ಅವನ ಹೆಸರು ಹಿಡಿದು ಪ್ರಾರ್ಥಿಸಿ, ಆಮೇಲೆ ಮಡಿಗೆ ನೀರು ತಿರುವುತ್ತೇನೆ.