ಮಾವಿನಕಾಯಿಯನ್ನು ಮನೆಯಲ್ಲೇ ಅಡೆ ಹಾಕುವ ಕ್ರಮ

ಮಾವು ಮರದಿಂದ ಇಳಿದ ಮೇಲೂ ಹಣ್ಣಾಗುತ್ತದೆ; ಹಾಗೆ ಹಣ್ಣಾಗಲೆಂದು ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುವುದೇ ಅಡೆ ಹಾಕುವುದು. ಆದರೆ ಬಲಿಯದ ಕಾಯಿಯನ್ನು ಎಷ್ಟು ದಿನ ಹುಲ್ಲಿನಲ್ಲಿಟ್ಟರೂ ಅದು ಸುಕ್ಕುಗಟ್ಟುತ್ತದೆಯೇ ಹೊರತು ಸಿಹಿಯಾಗುವುದಿಲ್ಲ. ಬಲಿತ ಕಾಯಿಯಲ್ಲಿ ತೊಟ್ಟಿನ ಎರಡೂ ಬದಿಯ ಭುಜಗಳು ಉಬ್ಬಿ, ತೊಟ್ಟು ಸಣ್ಣ ಗುಳಿಯಲ್ಲಿ ಕುಳಿತಂತೆ ಕಾಣುತ್ತದೆ. ಅನುಮಾನವಿದ್ದರೆ ಬಕೆಟ್ಟಿನ ನೀರಿಗೆ ಹಾಕಿ ನೋಡಬಹುದು: ಬಲಿತದ್ದು ಮುಳುಗುತ್ತದೆ, ತೇಲಿದ್ದನ್ನು ಉಪ್ಪಿನಕಾಯಿಗೆ ಎತ್ತಿಡಬೇಕು.

ಕೀಳುವಾಗ ಬೆರಳುದ್ದ ತೊಟ್ಟು ಕಾಯಿಯಲ್ಲೇ ಉಳಿಯಲಿ. ಅದು ಬುಡದಲ್ಲೇ ಮುರಿದರೆ ಸೊನೆ ಚಿಮ್ಮಿ, ಸಿಪ್ಪೆಯ ಮೇಲೆ ಹರಿದ ಕಡೆಯೆಲ್ಲ ಸುಟ್ಟಂತೆ ಕಪ್ಪು ಗೀರು ಮೂಡುತ್ತದೆ. ಮನೆಗೆ ತಂದ ಮೇಲೆ ತೊಟ್ಟು ಕತ್ತರಿಸಿ, ಬೋರಲು ಹಾಕಿದ ಕ್ರೇಟಿನ ಸಂದುಗಳಲ್ಲಿ ಕಾಯಿಗಳನ್ನು ತಲೆಕೆಳಗಾಗಿ ಕೂರಿಸಿದರೆ ಸೊನೆ ಸಿಪ್ಪೆಗೆ ತಾಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಒಂದೆರಡು ಗಂಟೆಯ ನಂತರ ತೊಳೆದು ನೆರಳಿನಲ್ಲಿ ಆರಿಸಬೇಕು. ಉಷ್ಣಮಾಪಕವಿದ್ದವರು 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 5 ನಿಮಿಷ ಅದ್ದಿ ತೆಗೆದರೆ ಚಿಬ್ಬು ರೋಗದ ಕಪ್ಪು ಚುಕ್ಕೆಗಳು ಕಡಿಮೆಯಾಗುತ್ತವೆ. ಕೈ ಅದ್ದಿ ಬಿಸಿಯನ್ನು ಅಂದಾಜು ಮಾಡುವವರು ಈ ಕೆಲಸಕ್ಕೆ ಹೋಗದಿರುವುದೇ ಲೇಸು.

ಒಣಗಿದ ಭತ್ತದ ಹುಲ್ಲನ್ನು ಹಾಸಿ, ಅದರ ಮೇಲೆ ಕಾಯಿ, ಮತ್ತೆ ಹುಲ್ಲು, ಹೀಗೆ ಎರಡು ಮೂರು ಪದರಕ್ಕಿಂತ ಹೆಚ್ಚಾಗದಂತೆ ಅಡೆ ಹಾಕಬೇಕು. ಕಾಯಿಯೇ ಬಿಡುವ ಎಥಿಲೀನ್ ಅನಿಲ ಹುಲ್ಲಿನ ಕಾವಿನೊಳಗೆ ನಿಂತು ಹಣ್ಣಾಗಿಸುತ್ತದೆ. ಅವಸರವಿದ್ದರೆ ನಡುವೆ ಒಂದೆರಡು ಮಾಗಿದ ಬಾಳೆಹಣ್ಣು ಇಟ್ಟರಾಯಿತು. ಕಾಯಿಯನ್ನು ಬೇಗ ಹಣ್ಣಾಗಿಸಲು ಕೆಲವರು ಇಡುವ ಕಾರ್ಬೈಡ್ ಎಂಬ ರಾಸಾಯನಿಕದ ಪೊಟ್ಟಣದ ಮಾತೇ ಬೇಡ: ಅದು ಕಾನೂನಿನಲ್ಲಿ ನಿಷಿದ್ಧ, ಅದರಲ್ಲಿ ಆರ್ಸೆನಿಕ್‌ ಅಂಶವೂ ಸೇರಿರುತ್ತದೆ, ಮೇಲಾಗಿ ಸಿಪ್ಪೆ ಹಳದಿಯಾದರೂ ಒಳಗೆ ಹುಳಿ ಉಳಿಯುತ್ತದೆ. ದಿನಕ್ಕೊಮ್ಮೆ ಹುಲ್ಲು ಸರಿಸಿ, ಕೊಳೆತದ್ದೊಂದಿದ್ದರೂ ತೆಗೆದುಹಾಕಬೇಕು.

ಎಲ್ಲ ತಳಿಗಳನ್ನೂ ಒಂದೇ ಅಡೆಗೆ ಹಾಕುವುದು ನಾನು ಕಂಡ ಸಾಮಾನ್ಯ ತಪ್ಪು. ರಸಪುರಿ ಬೇಗ ಮೆತ್ತಗಾಗಿ, ಎರಡು ದಿನ ಮರೆತರೆ ರಸವೇ ಸೋರುತ್ತದೆ. ಬಾದಾಮಿಯನ್ನು ಬಣ್ಣಕ್ಕಿಂತ ಪರಿಮಳದಿಂದ ತಿಳಿಯಬೇಕು. ಅದರ ಓಟೆಯ ಸುತ್ತ ತಿರುಳು ಬೆಳ್ಳಗೆ ಬೆಂಡಾಗುವ ದೋಷವಂತೂ ಕೊಯ್ದ ಹೊರತು ಗೊತ್ತಾಗುವುದಿಲ್ಲ. ನೀಲಂ ಮತ್ತು ದಶೇರಿಯ ಸಂಕರವಾದ ಮಲ್ಲಿಕಾ ತಾಳ್ಮೆ ಬೇಡುವ ಹಣ್ಣು. ಹಸಿರು ಹೋದ ಕೂಡಲೇ ಕೊಯ್ದು ಹುಳಿಯೆಂದು ದೂರುವವರು, ಅದು ಕಿತ್ತಳೆ ಛಾಯೆಗೆ ತಿರುಗಿ ಸಿಪ್ಪೆ ತುಸು ಸುಕ್ಕಾಗುವವರೆಗೆ, ಬೇಕಾದರೆ ಎರಡು ವಾರ, ಕಾಯಲಿ. ದಪ್ಪ ಸಿಪ್ಪೆಯ ತೋತಾಪುರಿಗೆ ಇಷ್ಟು ಕಾಳಜಿ ಬೇಕಿಲ್ಲ.

ಕಾಯಿಯನ್ನು ಮಾತ್ರ ಫ್ರಿಜ್ಜಿಗೆ ಸೇರಿಸಬಾರದು. ಸುಮಾರು 12 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಸಿಪ್ಪೆ ಕಪ್ಪಾಗಿ, ಹೊರತೆಗೆದ ಮೇಲೂ ಸರಿಯಾಗಿ ಹಣ್ಣಾಗುವುದಿಲ್ಲ. ಪೂರ್ತಿ ಮಾಗಿದ ಬಾದಾಮಿ, ಮಲ್ಲಿಕಾ ಅಲ್ಲಿ ಕೆಲವು ದಿನ ಬಾಳುತ್ತವೆ. ರಸಪುರಿಯನ್ನು ಇಟ್ಟುಕೊಳ್ಳುವ ಯೋಚನೆ ಬಿಟ್ಟು, ಹಣ್ಣಾದ ಸಂಜೆಯೇ ಹಿಂಡಿ ಸೀಕರಣೆ ಮಾಡುವುದು ಉತ್ತಮ.